ಕಿವಿಯಲ್ಲಿ ಇಂಗ್ಲಿಷ್ ಕಲಿಯುವ ಮಕ್ಕಳು

ಮೂರು ದಿನದ ತರಬೇತಿಗೆಂದು ಹಾಸನಕ್ಕೆ ಹೋಗುವಾಗ ನಾನು ಹಾನುಬಾಳು ಕಡೆಯ ಒಂದು ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು. ವಾಪಸ್ ಬರುವಾಗ ವಿಜ್ಞಾನಿ! ಕೆಲವು ಮಕ್ಕಳು ಕಣ್ಣಿನಿಂದ ಕಲಿಯುತ್ತಾರೆ, ಕೆಲವರು ಕಿವಿಯಿಂದ, ಕೆಲವರು ಕೈಯಿಂದ. ಮಿದುಳಿನ ಒಲವು ತಿಳಿದರೆ ಇಂಗ್ಲಿಷ್ ನೀರು ಕುಡಿದಷ್ಟು ಸುಲಭ ಎಂದು ಅಲ್ಲಿ ಹೇಳಿದ್ದರು. ನಂಬಿಬಿಟ್ಟೆ.

ಮಾರನೇ ದಿನವೇ ಹತ್ತನೇ ಕ್ಲಾಸಿನ ಇಪ್ಪತ್ತೆರಡು ಮಕ್ಕಳಿಗೆ ಪ್ರಶ್ನೆಯ ಹಾಳೆ ಹಂಚಿದೆ. ಪಾಠ ನಿನಗೆ ಹೇಗೆ ಅರ್ಥವಾಗುತ್ತದೆ? ಬೋರ್ಡ್ ನೋಡಿಯೋ, ಮೇಷ್ಟ್ರು ಹೇಳಿದ್ದು ಕೇಳಿಯೋ, ಕೈಯಾರೆ ಮಾಡಿಯೋ? ಇಪ್ಪತ್ತೆರಡು ಮಕ್ಕಳೂ 'ಕೇಳಿ' ಎಂದು ಬರೆದರು.

ಬೇರೆಯವರಾಗಿದ್ದರೆ ಅನುಮಾನ ಪಡುತ್ತಿದ್ದರು. ನಾನು ಸಿದ್ಧಾಂತ ಮಂಡಿಸಿದೆ. "ನಮ್ಮ ಕಡೆ ಮಂಜು ಜಾಸ್ತಿ ಸಾರ್. ಎದುರಿಗೆ ಬರೋ ಜೀಪು ಕಾಣಲ್ಲ, ಸದ್ದು ಕೇಳಿಯೇ ಪಕ್ಕಕ್ಕೆ ಸರೀಬೇಕು. ಅದಕ್ಕೇ ಇಲ್ಲಿನ ಮಕ್ಕಳ ಮಿದುಳು ಕಿವಿಗೆ ಒಲಿದಿದೆ" ಎಂದು ಹೆಡ್‌ಮಾಸ್ಟರಿಗೆ ವಿವರಿಸಿದೆ.

"ಮಂಜು ನಮ್ ಕಾಲದಲ್ಲೂ ಇತ್ತು ಕಣ್ರೀ. ನಾವು ಬೋರ್ಡ್ ನೋಡ್ಕಂಡೇ ಕಲ್ತ್ವಿ" ಎಂದರು ಅವರು. ಹಳೇ ಕಾಲದ ಮನುಷ್ಯ, ಪಾಪ, ಎಂದುಕೊಂಡೆ.

ಅಂದಿನಿಂದ ಸೀಮೆಸುಣ್ಣ ಮುಟ್ಟಲಿಲ್ಲ. ಎರಡು ತಿಂಗಳು ಇಡೀ ಪುಸ್ತಕ ಬಾಯಲ್ಲೇ ನಡೆಯಿತು. ಮಕ್ಕಳು ಪದ್ಯವನ್ನು ಗಿಣಿಗಳ ಹಾಗೆ ಒಪ್ಪಿಸುವಾಗ ಹೆಮ್ಮೆಯಿಂದ ನನ್ನ ಕಣ್ಣು ತುಂಬುತ್ತಿತ್ತು. ಪರೀಕ್ಷೆಯಲ್ಲಿ ಉತ್ತರ ಬರೆಯಬೇಕಾಗುತ್ತದೆ ಎಂಬ ಸಣ್ಣ ವಿಷಯ ಮಾತ್ರ ವಿಜ್ಞಾನಿಗೆ ಹೊಳೆಯಲಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹತ್ತೊಂಬತ್ತು ಮಕ್ಕಳು ಫೇಲಾದರು.

ಮೊದಲು ಬಂದವರು ಕಾಫಿ ಎಸ್ಟೇಟಿನ ಕೂಲಿ ಲೈನಿನಲ್ಲಿರುವ ಕಾವ್ಯಳ ತಾಯಿ, ಮಗಳನ್ನೂ ಕರೆದುಕೊಂಡು. "ಮೇಷ್ಟ್ರೇ, ದೊಡ್ಡ ಪರೀಕ್ಷೇಲೂ ಹಿಂಗೇ ಆಗ್ಬುಟ್ರೆ ಇವ್ರಪ್ಪ ಓದು ಬುಡುಸ್ತೀನಿ ಅಂತ ಕುಂತವ್ರೆ. ನರ್ಸ್ ಆಗ್ಬೇಕು ಅಂತ ಮಗೀಗೆ ಆಸೆ ಐತೆ. ಏನಾರ ಮಾಡಿ" ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೂ ವಿಜ್ಞಾನ ಬಿಡಲಿಲ್ಲ. "ಕೇಳಿದ್ರೇ ಅರ್ಥ ಆಗೋದು ಅಂತ ನೀನೇ ಬರೆದಿದ್ಯಲ್ಲ ಕಾವ್ಯ?"

ಅವಳು ನೆಲ ನೋಡುತ್ತಾ ಹೇಳಿದಳು: "ಇನ್ನೇನ್ ಬರೀಲಿ ಸಾರ್? ಬೋರ್ಡ್ ಮೇಲೆ ನಿಮ್ ಅಕ್ಷರ ನಮ್ ಕ್ಲಾಸಲ್ಲಿ ಯಾರ್ಗೂ ಓದಕ್ಕಾಗಲ್ಲ."

ಹದಿನೆಂಟು ವರ್ಷದ ಸರ್ವೀಸಿನಲ್ಲಿ ಒಂದು ಮಗುವೂ ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಈಗ ಪರೀಕ್ಷೆಗೆ ಐದು ವಾರ ಉಳಿದಿದೆ. ಸಂಜೆ ಶಾಲೆ ಬಿಟ್ಟ ಮೇಲೆ ಕಾವ್ಯ ಒಂದು ಬೆಂಚಿನಲ್ಲಿ ಕುಳಿತು ಪ್ರಶ್ನೋತ್ತರ ಬರೆಯುತ್ತಾಳೆ. ಪಕ್ಕದ ಬೆಂಚಿನಲ್ಲಿ ನಾನು ನಾಲ್ಕು ಗೆರೆ ಪುಸ್ತಕದಲ್ಲಿ ಕಾಪಿ ಬರೆಯುತ್ತೇನೆ. ನಿನ್ನೆ ಹೆಡ್‌ಮಾಸ್ಟರು ಎರಡೂ ಪುಸ್ತಕ ತಿರುವಿ ಹಾಕಿ, "ಹುಡ್ಗಿ ಪಾಸಾಗ್ತಾಳೆ ಬಿಡಿ" ಎಂದರು. ನನ್ನ ಪುಸ್ತಕವನ್ನು ಏನೂ ಹೇಳದೆ ಮಡಚಿ ವಾಪಸ್ ಕೊಟ್ಟರು.