ಖಾಜಾನ ವಾರ್ತೆಗೆ ನನ್ನ ಪೇಟಿ

ಟಿವಿಯ ಸುದ್ದಿ ನನಗೆ ನೆನಪಿರುವುದಿಲ್ಲ; ಸುದ್ದಿಗೆ ಮುಂಚೆ ಬರುವ ಸಂಗೀತ ಮಾತ್ರ ಮರೆಯುವುದಿಲ್ಲ. ಹೆಮ್ಮೆಯಿಂದ ಹೇಳುವ ಮಾತಲ್ಲ ಇದು. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವವನು. ಯಾವ ರಾಜ್ಯದಲ್ಲಿ ಈಗ ಯಾರ ಸರ್ಕಾರ ಎಂದು ಮಕ್ಕಳು ಕೇಳಿದರೆ, "ನಾಳೆ ನೀವೇ ಹುಡುಕಿ ಬರೆದುಕೊಂಡು ಬನ್ನಿ" ಎಂದು ಜಾರಿಕೊಳ್ಳುತ್ತೇನೆ. ಆದರೆ ಒಂದೇ ಚಾನೆಲ್ ಇದ್ದ ಕಾಲದ ವಾರ್ತೆಯ ಟ್ಯೂನನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಗುನುಗಬಲ್ಲೆ. ಮಸ್ಕಿಯ ನಮ್ಮ ಮನೆಯಲ್ಲಿ ಆ ಟ್ಯೂನು ಬಂತೆಂದರೆ ಅಪ್ಪ ಕಾಲು ಮಡಚಿ ಕುಳಿತು, ಕನ್ನಡಕ ಒರೆಸಿಕೊಂಡು, ಒಮ್ಮೆ ಕೆಮ್ಮುತ್ತಿದ್ದರು. ಆ ಕೆಮ್ಮಿಗೆ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೂ ನಿಲ್ಲುತ್ತಿತ್ತು. ಟ್ಯೂನು ಮೆತ್ತಗಿತ್ತು, ಓದುವವರೂ ಮೆತ್ತಗೆ ಓದುತ್ತಿದ್ದರು, ಲೋಕದಲ್ಲಿ ಯುದ್ಧವಾದರೂ ನಮ್ಮ ಪಡಸಾಲೆಯ ಮಟ್ಟಿಗೆ ಅದು ಮೆತ್ತಗೇ ಆಗುತ್ತಿತ್ತು.

ಆಮೇಲೆ ಚಾನೆಲ್ಲುಗಳು ಹೆಚ್ಚಿದವು, ಟ್ಯೂನುಗಳಿಗೆ ಅವಸರ ಹತ್ತಿತು. ಈಗಂತೂ ಭೂಗೋಳ ಗಿರಗಿರ ತಿರುಗುತ್ತದೆ, ನಗಾರಿ ಬಡಿಯುತ್ತದೆ, ಹಿಂದೆಯೇ ಒಂದು ಸೈರನ್ ಕೂಗುತ್ತದೆ. ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸ ಮಾಡುವ ನನ್ನ ಹೆಂಡತಿಯ ಅಣ್ಣ ಒಮ್ಮೆ ಬಂದವರು, "ನಮ್ಮಲ್ಲಿ ಶಿಫ್ಟ್ ಬಿಟ್ಟಾಗ ಕೂಗೋ ಸೈರನ್ನಿಗೂ ಇಷ್ಟು ಅವಸರ ಇರಂಗಿಲ್ರೀ ಮಾಸ್ತರ" ಎಂದಿದ್ದರು. ನಮ್ಮ ಅವ್ವ ಆ ಸದ್ದಿಗೆ ದಿನವೂ ಎದೆಯ ಮೇಲೆ ಕೈ ಇಟ್ಟುಕೊಂಡು, "ಏನಾತೋ ತಮ್ಮಾ, ಯಾರಿಗೇನಾತು?" ಎನ್ನುತ್ತಾಳೆ. ನೋಡಿದರೆ ಯಾವನೋ ನಟ ಕೂದಲು ಕತ್ತರಿಸಿಕೊಂಡಿರುತ್ತಾನೆ. "ಇದಕ್ಕ ಇಷ್ಟ್ ಬಡೀಬೇಕೇನು?" ಎಂದು ಅವ್ವ ಕೈ ಕೆಳಗಿಳಿಸುತ್ತಾಳೆ.

ಇಂಥ ದಿನಗಳಲ್ಲಿ ನನ್ನ ಗೆಳೆಯ ಖಾಜಾ ಮನೆಗೆ ಬಂದ. ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಅವನು ಊರಿಗೆ ಕೇಬಲ್ ಎಳೆದವನು. ಈಗ ಅದರಲ್ಲೇ ಸಂಜೆಗೊಂದು ವಾರ್ತೆ ಶುರು ಮಾಡುವ ಹುಮ್ಮಸ್ಸು ಅವನಿಗೆ. ನಾಳೆ ಕರೆಂಟು ಯಾವಾಗ ಹೋಗುತ್ತದೆ, ಕಾಲುವೆಗೆ ನೀರು ಎಂದು ಬಿಡುತ್ತಾರೆ, ಯಾರ ಎಮ್ಮೆ ಕಳೆದಿದೆ, ಇಂಥವು. ಓದುವವನೂ ಅವನೇ. ಕೊರತೆ ಇದ್ದದ್ದು ಮೊದಲಿಗೆ ಬಾರಿಸುವ ಸಂಗೀತದ್ದು.

"ದೊಡ್ಡ ಚಾನೆಲ್ಲಿನವರದು ಕದ್ದು ಹಾಕಿದ್ರ ನಾಳೆ ನೋಟಿಸ್ ಬರ್ತೈತಿ. ನೀ ಹೆಂಗೂ ಪೇಟಿ ಬಾರಸ್ತಿ. ನಮ್ಮ ಮಸ್ಕೀದು ಅನ್ನುವಂಥಾದ್ದು ಒಂದು ಮಾಡಿ ಕೊಡಲೇ ಯಾರ್" ಎಂದ.

ಪೇಟಿ ಎಂದರೆ ಹಾರ್ಮೋನಿಯಂ. ನಮ್ಮ ಓಣಿಯ ಸೋಮವಾರದ ಭಜನೆಗೆ ಅದನ್ನು ಬಾರಿಸುವವನು ನಾನೇ. ಇಷ್ಟು ವರ್ಷ ಬಾರಿಸಿದರೂ ಅದು ಯಾರೋ ಕಟ್ಟಿದ ಹಾಡು. ನನ್ನದೆಂಬ ಒಂದು ಟ್ಯೂನು ಊರೆಲ್ಲ ಕೇಳಬೇಕೆಂಬ ಆಸೆ ನನ್ನೊಳಗೆ ಗುಟ್ಟಾಗಿ ಇತ್ತು. ಖಾಜಾ ಕೇಳಿದ್ದೇ ತಡ, ಅದು ಹೊರಗೆ ಬಂತು. ಬಾಗಿಲು ಹಾಕಿಕೊಂಡು ಕುಳಿತುಬಿಟ್ಟೆ. ಹೆಂಡತಿ ಶಾಂತಾ ಹೊರಗಿನಿಂದ, "ಎಮ್ಮಿ ಕಳದೈತಿ ಅಂತ ಹೇಳಾಕ ಇಷ್ಟೆಲ್ಲಾ ಬೇಕೇನ್ರೀ?" ಎಂದಳು. ಕಲೆಯ ಗಂಧ ಇಲ್ಲದವರ ಜೊತೆ ಏನು ವಾದ ಎಂದು ಪೇಟಿಯನ್ನು ಇನ್ನಷ್ಟು ಜೋರಾಗಿ ಬಾರಿಸಿದೆ.

ಟ್ಯೂನು ಮುಗಿಯಿತು. ಗಂಭೀರವಾಗಿತ್ತು, ಹಿತವಾಗಿತ್ತು; ಬಾರಿಸುವಾಗ ನನ್ನ ಕಣ್ಣೇ ತುಂಬಿ ಬಂತು. ಕೊನೆಯಲ್ಲಿ ಏನೋ ಕಡಿಮೆಯಾಯಿತೆನಿಸಿ ದೇವರ ಕೋಣೆಯ ಗಂಟೆಯನ್ನು ತಂದು ಅದನ್ನೂ ಸೇರಿಸಿದೆ. ಖಾಜಾ ತನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, "ಏಕ್ದಂ ನಮ್ಮೂರಿಂದು ಅನಸ್ತೈತಿ" ಎಂದ. ಎಲ್ಲೋ ಕೇಳಿದ ಹಾಗಿದೆ ಎಂಬ ಸಂಶಯ ಇಬ್ಬರಿಗೂ ಬರಲಿಲ್ಲ.

ಮೊದಲ ವಾರ್ತೆಯ ಸಂಜೆ ಓಣಿಯ ಹೆಂಗಸರನ್ನೂ ಕರೆದಿದ್ದೆ. ಪಡಸಾಲೆ ತುಂಬಿತ್ತು. ಟ್ಯೂನು ಶುರುವಾಯಿತು. ಗೋಡೆಗೆ ಒರಗಿದ್ದ ಅವ್ವ ಮೊಣಕಾಲು ಹಿಡಿದು ಮೆಲ್ಲನೆ ಎದ್ದು ನಿಂತಳು. ಮಗನ ಸಂಗೀತಕ್ಕೆ ತಾಯಿ ಎದ್ದು ನಿಂತಳಲ್ಲ ಎಂದು ನಾನು ಬೀಗಿದೆ. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದಳು. ಉಳಿದವರೂ ಎದ್ದು ಕೈ ಮುಗಿದರು. ಕೊನೆಯ ಗಂಟೆ ಕೇಳುತ್ತಲೇ ಅವ್ವ ಸುತ್ತಲೂ ನೋಡಿ, "ಆರತಿ ಎಲ್ಲೈತಿ?" ಎಂದು ಕೇಳಿದಳು.

ಆಗ ಹೊಳೆಯಿತು. ನನ್ನ ಬೆರಳುಗಳು ತಮಗೆ ಗೊತ್ತಿದ್ದ ದಾರಿಯಲ್ಲೇ ನಡೆದು ಬಂದಿದ್ದವು. ಪ್ರತಿ ಸೋಮವಾರ ಭಜನೆಯ ಕೊನೆಗೆ ಬಾರಿಸುವ ಮಂಗಳದ ಧಾಟಿಯನ್ನೇ ನಾನು ವಾರ್ತೆಗೆ ಕಟ್ಟಿ ಕೊಟ್ಟಿದ್ದೆ. ನಮ್ಮ ಕಡೆ ಮಂಗಳ ಆದ ಮೇಲೆ ಯಾರೂ ಕೂತಿರುವುದಿಲ್ಲ. ಹೆಂಗಸರು ಸೀರೆ ಕೊಡವಿಕೊಂಡು, "ಚಲೋ ಆತ್ರೀ, ಬರ್ತೀವಿ" ಎಂದು ಹೊರಟೇಬಿಟ್ಟರು. ಖಾಜಾ ಟಿವಿಯೊಳಗಿಂದ "ವೀಕ್ಷಕರಿಗೆ ನಮಸ್ಕಾರ" ಎಂದಾಗ ಪಡಸಾಲೆಯಲ್ಲಿ ಇದ್ದ ವೀಕ್ಷಕ ನಾನೊಬ್ಬನೇ.

ಮರುದಿನ ಬೆಳಿಗ್ಗೆ ಕರೆಂಟು ಹೋಯಿತು. ಹೋಗುತ್ತದೆ ಎಂದು ಖಾಜಾ ಹೇಳಿದ್ದನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ನೀರಿನ ಟಾಕಿ ತುಂಬಿಸಿಕೊಳ್ಳದವರು, ಜೋಳ ಬೀಸಿಸಲು ಗಿರಣಿಗೆ ಹೋಗಿ ಬರಿಗೈಲಿ ಬಂದವರು, ಎಲ್ಲರೂ ಅವನನ್ನೇ ಬೈದರು. ಖಾಜಾ ನೆಟ್ಟಗೆ ನಮ್ಮ ಮನೆಗೆ ಬಂದ.

"ಮಂದಿ ಬಿಡು, ನಮ್ಮ ಅಮ್ಮಿ ಏನ್ ಮಾಡ್ಯಾಳ ಗೊತ್ತೇನು? ಬಾಜೂ ಮನ್ಯಾಗ ಭಜನಿ ಮುಗೀತು, ಪ್ರಸಾದ ಕೊಡ್ತಾರ ಅಂತ ಬಟ್ಟಲಾ ಹಿಡಕೊಂಡು ಬಾಗಿಲದಾಗ ನಿಂತಿದ್ಲು. ಮಗ ಟಿವ್ಯಾಗ ಬಂದದ್ದು ನೋಡೇ ಇಲ್ಲ. ನನ್ನ ಇಜ್ಜತ್ ಹೋತಲೇ" ಎಂದ.

ತಿದ್ದಿ ಕೊಡುತ್ತೇನೆ ಎಂದೆ. ಅದೇ ಟ್ಯೂನನ್ನು ಜೋರಾಗಿ ಓಡಿಸಿ ನೋಡಿದೆ. ಸಿಂಧನೂರಿನ ಕೊನೆ ಬಸ್ಸು ಹಿಡಿಯಬೇಕಾದ ಭಜನೆಯವರ ಮಂಗಳದ ಹಾಗೆ ಕೇಳಿಸಿತು. ಗಂಟೆ ತೆಗೆದೆ, ಅವ್ವ, "ಗಂಟಿ ಮರತಿ ನೋಡು" ಎಂದಳು. ಕೊನೆಗೆ ಖಾಜಾ, "ಬಿಡಪಾ, ಎಲ್ಲಿಂದರ ಒಂದು ನಗಾರಿ ತಂದು ಹಾಕ್ತೀನಿ" ಎಂದು ಎದ್ದ. ನನಗೆ ನಿಜವಾಗಿಯೂ ದುಃಖವಾಯಿತು. ಹುಟ್ಟಿದ್ದು ಒಂದೇ ಟ್ಯೂನು, ಅದೂ ಒಂದು ಸಂಜೆ ಬಾಳಿ ಹೋಗುತ್ತದಲ್ಲ ಎಂದು ಚಹಾ ಕೂಡ ಮುಟ್ಟಲಿಲ್ಲ.

ಲೋಟ ಒಯ್ಯಲು ಬಂದ ಶಾಂತಾ ಇಬ್ಬರ ಮುಖವನ್ನೂ ನೋಡಿದಳು. "ಮುಗಸೋ ಹಾಡು ಮೊದಲಿಗೆ ಹಾಕಿದ್ರ ಮಂದಿ ಏಳದ ಏನ್ ಮಾಡ್ತಾರ್ರೀ? ಕಡೀಗೆ ಹಾಕ್ರಿ" ಎಂದು ಹೇಳಿ ಒಳಗೆ ಹೋದಳು.

"ಹಂಗಾರ ಮೊದಲಿಗೆ?" ಎಂದು ಖಾಜಾ ನನ್ನನ್ನು ನೋಡಿದ. ನನಗೆ ಅಪ್ಪ ನೆನಪಾದರು. "ಮೊದಲಿಗೆ ನೀ ಒಂದ್ ಸಲ ಕೆಮ್ಮು" ಎಂದೆ.

ಅಂದಿನಿಂದ ನಮ್ಮೂರಿನ ವಾರ್ತೆ ಖಾಜಾನ ಕೆಮ್ಮಿನಿಂದ ಶುರುವಾಗುತ್ತದೆ. ಆ ಕೆಮ್ಮು ಕೇಳಿದ್ದೇ ಓಣಿಯಲ್ಲಿ ಮಾತು ನಿಲ್ಲುತ್ತದೆ, ಟಾಕಿಗಳು ತುಂಬುತ್ತವೆ, ಒಂದೆರಡು ಎಮ್ಮೆಗಳು ಸಿಕ್ಕಿದ್ದೂ ಉಂಟು. ಕೊನೆಗೆ ನನ್ನ ಪೇಟಿ, ಗಂಟೆಸಮೇತ. ಜನ ಎದ್ದು ಕೈ ಮುಗಿದು ಊಟಕ್ಕೆ ಹೋಗುತ್ತಾರೆ. ಅವ್ವನಿಗಂತೂ ನನ್ನ ಟ್ಯೂನೇ ಊರಿನ ಮುಖ್ಯ ಸುದ್ದಿ. "ಇದು ಬಂತಂದ್ರ ಇವತ್ತಿಂದು ಏನಾಗೋದಿತ್ತೋ ಎಲ್ಲಾ ಆಗಿ ಮುಗೀತು ಅಂತ ಜೀವ ತಣ್ಣಗಾಗ್ತೈತಪಾ" ಎನ್ನುತ್ತಾಳೆ. ಇದಕ್ಕಿಂತ ದೊಡ್ಡ ಬಹುಮಾನ ನಾನು ಬಯಸಿರಲಿಲ್ಲ.

ಒಂದೇ ತೊಂದರೆ. ಕಟ್ಟಿದವನ ಬಾಯಲ್ಲಿ ಟ್ಯೂನು ಸದಾ ಆಡುತ್ತಿರುತ್ತದೆ. ಮೊನ್ನೆ ಮಧ್ಯಾಹ್ನದ ತರಗತಿಯಲ್ಲಿ ಬೋರ್ಡಿನ ಕಡೆ ತಿರುಗಿ ಮೌರ್ಯರ ಆಡಳಿತ ಬರೆಯುತ್ತ ಅರಿವಿಲ್ಲದೆ ಗುನುಗಿಕೊಂಡೆನಂತೆ. ತಿರುಗಿ ನೋಡಿದರೆ ಇಡೀ ತರಗತಿ ಚೀಲ ಹೆಗಲಿಗೆ ಹಾಕಿಕೊಂಡು, ಕೈ ಮುಗಿದು ನಿಂತಿತ್ತು. "ಯಾಕ್ರಲೇ ಎದ್ದೀರಿ, ಕೂಡ್ರಿ" ಎಂದು ಗದರಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ನಾನೂ ಕೈಯ ಸೀಮೆಸುಣ್ಣ ಒರೆಸಿಕೊಂಡು, ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದೆ.