ಅಮೆರಿಕದ ಪಾಠ, ನನ್ನ ಪುಕ್ಕಲು

ಪಾಠಕ್ಕೆ ವಿದ್ಯಾರ್ಥಿಗಳು ಹೆದರುವುದು ಎಲ್ಲ ಕಡೆ ಇದ್ದದ್ದೇ. ಪಾಠ ಮಾಡಿದವನೇ ಹೆದರಿ ನಡುಗುವುದು ಮಾತ್ರ ನನಗೇ ಆಗಾಗ ಆಗುತ್ತಿತ್ತು. ಅದು ತುರ್ತು ಪರಿಸ್ಥಿತಿಯ ಕಾಲ. ತಿಪಟೂರು ಕಡೆಯ ಒಂದು ಕಾಲೇಜಿಗೆ ನಾನು ಇತಿಹಾಸದ ಹೊಸ ಮೇಷ್ಟ್ರು.

೧

ಬೋರ್ಡಿನ ಮೇಲೆ ‘ಕೇಂದ್ರ ಸರ್ಕಾರದ ದೌರ್ಬಲ್ಯಗಳು’ ಎಂದು ಬರೆದು, ಅಮೆರಿಕದಲ್ಲಿ ಸಂವಿಧಾನ ಬರುವ ಮುಂಚಿನ ಸರ್ಕಾರದ ಪಾಠ ಶುರು ಮಾಡಿದೆ. ತೆರಿಗೆ ಹಾಕುವ ಅಧಿಕಾರವಿಲ್ಲ, ದುಡ್ಡಿಗೆ ರಾಜ್ಯಗಳನ್ನೇ ಕೇಳಬೇಕು, ಸೈನ್ಯ ಸಾಕುವ ಶಕ್ತಿಯಿಲ್ಲ, ಹದಿಮೂರು ರಾಜ್ಯಗಳಲ್ಲಿ ಒಂದು ಒಲ್ಲೆ ಅಂದರೂ ತಿದ್ದುಪಡಿಯಿಲ್ಲ.

“ರಾಜ್ಯಗಳು ದುಡ್ಡು ಕೊಡದಿದ್ರೆ ಏನ್ ಮಾಡೋರು ಸಾ?” ಎಂದ ಒಬ್ಬ.

“ಇನ್ನೊಂದ್ಸಲ ಕೇಳೋರು.”

ಕ್ಲಾಸೆಲ್ಲ ನಕ್ಕಿತು. ನಗು ಕೇಳಿ ಕಿಟಕಿಯಲ್ಲಿ ಇಣುಕಿದ ಪ್ರಿನ್ಸಿಪಾಲರು ಬೋರ್ಡು ನೋಡಿ ಬಿಳಿಚಿಕೊಂಡರು. ಒಳಗೆ ಓಡಿಬಂದು ಅಂಗೈಯಲ್ಲೇ ಒರೆಸಿದರು.

“ಜೈಲಿಗೆ ಹಾಕುಸ್ತೀರೇನ್ರೀ ನನ್ನ? ಮೊದಲು ಅಮೆರಿಕ ಅಂತ ಬರೀರಿ. ದಪ್ಪಗೆ!”

ಎಷ್ಟು ದಪ್ಪಗೆ ಬರೆದೆನೆಂದರೆ, ದೌರ್ಬಲ್ಯಗಳಿಗೆ ಬೋರ್ಡಿನಲ್ಲಿ ಜಾಗವೇ ಉಳಿಯಲಿಲ್ಲ.

೨

ಸಂಜೆ ಬಸ್ಸು ತುಂಬಿತ್ತು. ಹಿಂದಿನ ಸೀಟಿನಿಂದ ನನ್ನದೇ ವಿದ್ಯಾರ್ಥಿಯೊಬ್ಬ ಕೂಗಿದ:

“ಸಾ, ಸೆಂಟ್ರಲ್ ಗೌರ್ಮೆಂಟ್ ಮಾತು ಯಾರೂ ಕೇಳ್ತಿರ್ಲಿಲ್ಲ ಅಂದ್ರಲ್ಲ, ಇನ್ನೊಂದ್ಸಲ ಹೇಳಿ ಸಾ!”

ಬಸ್ಸಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. “ಅಮೆರಿಕ! ಅಮೆರಿಕ!” ಎಂದು ಕಿರುಚಿದೆ.

ಕಂಡಕ್ಟರು ಟಿಕೆಟ್ ಹರಿಯುತ್ತಾ, “ಅಷ್ಟು ದೂರ ಹೋಗಲ್ಲ ಕಣ್ರೀ, ಕಿಬ್ಬನಹಳ್ಳಿಗೇ ಲಾಸ್ಟು” ಎಂದ.

೩

ಮಾರನೆಯ ಬೆಳಿಗ್ಗೆ ಮನೆಯ ಗೇಟಿನಲ್ಲಿ ಪೊಲೀಸ್ ಪೇದೆ! ಹೆಂಡತಿ ನನ್ನ ನೋಟ್ಸನ್ನೆಲ್ಲ ಬಾಚಿ ಬಚ್ಚಲೊಲೆಗೆ ತುರುಕಿದಳು.

ಪೇದೆ ಒಳಬಂದು ಟೋಪಿ ತೆಗೆದ. “ಅಮೆರಿಕದ ಪಾಠ ಮಾಡಿದ್ದು ನೀವೇನಾ?”

“ನಾನೇ... ಅದು ಇನ್ನೂರು ವರ್ಷದ ಹಿಂದಿನ ಸರ್ಕಾರ ಕಣಪ್ಪ...”

“ಅದೇ ಸಾ! ಪ್ರೈವೇಟಾಗಿ ಪಿಯುಸಿ ಕಟ್ಟಿವ್ನಿ. ಅದು ಪರೀಕ್ಷೆಗೆ ಬಂದೇ ಬತ್ತದಂತೆ. ನೋಟ್ಸ್ ಕೊಡಿ.”

ಬಚ್ಚಲಿಂದ ಹೊಗೆ ಬರುತ್ತಿತ್ತು. ನೆನಪಿನಿಂದ ಬರೆದುಕೊಡುತ್ತೇನೆಂದು ಒಪ್ಪಿಕೊಂಡೆ. ನಾಲ್ಕು ದಿನ ಜಗಲಿಯ ಮೇಲೆ ಅವನು ಲಾಠಿ ಒರಗಿಸಿ ಎದುರಿಗೆ ಕೂರುತ್ತಿದ್ದ. ನಾನು ಹಾಳೆಗಟ್ಟಲೆ ಬರೆಯುತ್ತಿದ್ದೆ. ನಿಲ್ಲಿಸಿದರೆ, “ಇನ್ನೂ ಏನೋ ಬಿಟ್ಟಿದೀರಿ, ಜ್ಞಾಪಿಸ್ಕಳಿ ಸಾ” ಎನ್ನುತ್ತಿದ್ದ.

ನಾಲ್ಕನೆಯ ದಿನ ಪಕ್ಕದ ಮನೆಯ ಅಜ್ಜಿ ನನ್ನ ಹೆಂಡತಿಯನ್ನು ಹಿತ್ತಲಿಗೆ ಕರೆದು, ಕಣ್ಣೊರೆಸಿಕೊಳ್ಳುತ್ತಾ ಪಿಸುಗುಟ್ಟಿದರಂತೆ:

“ಅಲ್ಲ ಕಣವ್ವ, ನಾಕು ದಿನ ಕುಂತು ಬರೆದ್ರೂ ಮುಗೀದಂಗೆ ಅದೇನೇನ್ ಮಾಡವ್ರೆ ನಿನ್ ಗಂಡ?”