ಮಾದನಹಿಪ್ಪರಗಾ ಬಸ್ಸಿನ ಬುತ್ತಿ

ಒಳ್ಳೆಯ ಆಹಾರ ತಿನ್ನಬೇಕು ಎಂದು ಮನಸ್ಸು ಮಾಡುವುದು ಸುಲಭ. ಅದು ಎಲ್ಲಿ ಸಿಗುತ್ತದೆ ಎಂದು ಹುಡುಕಿಕೊಂಡು ಹೊರಟವನ ಪಾಡು ಮಾತ್ರ ಯಾರಿಗೂ ಬೇಡ. ನನಗಂತೂ ಐವತ್ತು ದಾಟುವ ತನಕ ಊಟದಲ್ಲಿ ಎರಡೇ ಜಾತಿ ಗೊತ್ತಿದ್ದವು: ಬಿಸಿ ಇರುವುದು, ಆರಿಹೋದದ್ದು. ಆರೋಗ್ಯಕರ ಎನ್ನುವ ಇನ್ನೊಂದು ಜಾತಿ ಇದೆ ಎಂದು ತಿಳಿಸಿಕೊಟ್ಟವರು ಕಲಬುರಗಿಯ ನಮ್ಮ ಓಣಿಯ ಡಾಕ್ಟರು. ನನ್ನ ರಕ್ತದ ರಿಪೋರ್ಟನ್ನು ಕನ್ನಡಕದ ಮೇಲಿನಿಂದೊಮ್ಮೆ, ಒಳಗಿನಿಂದೊಮ್ಮೆ ನೋಡಿ, “ಶುಗರ್ ಬಾಗಲ ತನಾ ಬಂದು ನಿಂತದರಿ. ನೀವಾಗೇ ಒಳಗ ಕರೀಬ್ಯಾಡ್ರಿ” ಎಂದರು. ನಾನು ತಲೆಯಾಡಿಸಿ ಹೊರಗೆ ಬಂದೆ. ದುಃಖ ತಡೆಯಲಾರದೆ ಎದುರಿನ ಹೋಟೆಲಿಗೆ ಹೋಗಿ ಒಂದು ಚಹಾ ಕುಡಿದೆ. ಸಕ್ಕರೆ ಎಂದಿನಷ್ಟೇ ಇತ್ತು.

ನನ್ನ ಹೆಂಡತಿ ಮಹಾದೇವಿ ಜೇವರ್ಗಿ ಕಡೆಯ ಇಜೇರಿಯವಳು. ಹೇಳಿದ ಮಾತನ್ನು ಎರಡನೆಯ ಸಲ ಹೇಳುವ ಪದ್ಧತಿ ಅವಳ ತವರಿನಲ್ಲಿಲ್ಲ. ರಿಪೋರ್ಟು ನೋಡಿದವಳೇ ಸಕ್ಕರೆ ಡಬ್ಬಿಯನ್ನು ಅಟ್ಟಕ್ಕೇರಿಸಿ, ಬೇಕರಿಯ ಖಾರಿ ಬಿಸ್ಕತ್ತನ್ನು ಕೆಲಸದವಳಿಗೆ ಕೊಟ್ಟು, “ಇನ್ನ ಮ್ಯಾಲ ಈ ಮನ್ಯಾಗ ನಮ್ಮ ಭಾಗದಾಗ ಬೆಳದಿದ್ದು, ಔಷಧ ಹೊಡೀಲಾರದ್ದು, ಅಷ್ಟೇ ಬರಬೇಕ್ರಿ. ಹೋಗ್ರಿ, ತರ್ರಿ” ಎಂದು ನನ್ನ ಕೈಗೆ ಚೀಲ ಕೊಟ್ಟಳು. ಕಚೇರಿಯಲ್ಲಿ ನಾನು ಹೆಡ್ ಕ್ಲರ್ಕ್. ಹತ್ತು ಜನ ನನ್ನ ಮಾತು ಕೇಳುತ್ತಾರೆ. ಮನೆಯಲ್ಲಿ ಆ ಹತ್ತೂ ಜನರ ಪಾಲಿನ ವಿಧೇಯತೆಯನ್ನು ನಾನೊಬ್ಬನೇ ತೋರಿಸುತ್ತೇನೆ.

ಊರಲ್ಲಿ ಹೊಸದಾಗಿ ಸಾವಯವ ಅಂಗಡಿಯೊಂದು ಆಗಿತ್ತು. ಬಾಗಿಲು ತಳ್ಳಿ ಒಳಗೆ ಹೋದರೆ ಅದೇನು ತಂಪು, ಅದೇನು ಶಾಂತಿ! ಎಲ್ಲಿಂದಲೋ ಕೊಳಲು ಕೇಳುತ್ತಿತ್ತು. ನವಣೆ, ಸಾಮೆ, ಕೊರಲೆಗಳೆಲ್ಲ ಗಾಜಿನ ಭರಣಿಗಳಲ್ಲಿ ಒಡವೆಯ ಹಾಗೆ ಕುಳಿತಿದ್ದವು. ನನಗರಿಯದೆ ಚಪ್ಪಲಿ ಬಿಟ್ಟೇ ಒಳಗೆ ಹೋಗಿದ್ದೆ. ಅಂಗಡಿಯ ಹುಡುಗಿ ಜೋಳದ ಹಿಟ್ಟಿನ ಪ್ಯಾಕೆಟ್ಟೊಂದನ್ನು ಎರಡೂ ಕೈಯಲ್ಲಿ ಹಿಡಿದು ತಂದು, “ಇದು ಪ್ಯೂರ್ ಲೋಕಲ್ ಅದರಿ ಸರ್” ಎಂದಳು. ಹಿಂದುಗಡೆ ಓದಿದೆ. ಜೋಳ ಬೆಳೆದದ್ದು ನಮ್ಮ ಆಳಂದ ಸೀಮೆಯಲ್ಲಿ. ಬೀಸಿದ್ದು, ತುಂಬಿದ್ದು ಬೆಂಗಳೂರಿನಲ್ಲಿ. ನನ್ನೂರು ಮಟಕಿಯ ಹೊಲಗಳು ಕೂಡ ಅದೇ ತಾಲ್ಲೂಕಿನಲ್ಲಿವೆ. ಅಲ್ಲಿಯ ಜೋಳ ರಾಜಧಾನಿ ನೋಡಿಕೊಂಡು, ಬಣ್ಣದ ಅಂಗಿ ತೊಟ್ಟು, ಇಂಗ್ಲಿಷ್ ಕಲಿತು ಹಿಂತಿರುಗಿ ಬಂದಿದೆ! ನನಗೆ ಹೆಮ್ಮೆಯಿಂದ ಎದೆಯುಬ್ಬಿತು. ಆ ಪ್ಯಾಕೆಟ್ಟನ್ನು ಅಳಿಯನನ್ನು ಕರೆತಂದ ಹಾಗೆ ಮನೆಗೆ ಕರೆತಂದೆ.

ಮಹಾದೇವಿ ಹಿಟ್ಟಿಗೆ ಬಿಸಿನೀರು ಹಾಕಿ ನಾದಿದಳು. ಬಡಿಯಲು ಕೂತಳು. ಎರಡು ಏಟಿಗೆ ರೊಟ್ಟಿ ಸುತ್ತಲೂ ಬಿರುಕು ಬಿಟ್ಟಿತು, ಮೂರನೆಯದಕ್ಕೆ ಚೂರಾಯಿತು. “ಹಿಟ್ಟಿಗಿ ಜಿಗಿನೇ ಇಲ್ಲಲ್ರಿ. ಬೀಸಿ ಯಾವ ಕಾಲಾಗ್ಯದೋ ಏನೋ” ಎಂದಳು. ಆ ದಿನ ಜೋಳದ ಉಪ್ಪಿಟ್ಟಿನಂಥ ಏನನ್ನೋ ತಿಂದೆವು. ಹೀಗೆ ಎರಡು ವಾರ ನಗರವನ್ನೆಲ್ಲ ಜಾಲಾಡಿದ್ದಾಯಿತು. ಸಜ್ಜೆಯ ಬಿಸ್ಕತ್ತು ತಂದರೆ ಅದರಲ್ಲಿ ಸಕ್ಕರೆಯೇ ಮೊದಲ ಹೆಸರು. ಗಾಣದೆಣ್ಣೆ ತಂದರೆ ಸೀಸೆಯ ಮೇಲೆ ನಾನು ಭೂಪಟದಲ್ಲೂ ನೋಡದ ಊರು.

ಕೊನೆಗೆ ನನ್ನ ಗೋಳು ಅಕ್ಕನ ಕಿವಿಗೆ ಬಿತ್ತು. ಗೌರಕ್ಕನನ್ನು ಮಾದನಹಿಪ್ಪರಗಾಕ್ಕೆ ಕೊಟ್ಟಿದೆ. ಅವಳು ಫೋನಿನಲ್ಲಿ, “ಹುಚ್ಚಪ್ಯಾಲಿ, ಅಂಗಡಿ ಯಾಕ ತಿರಗ್ತಿ? ನಮ್ಮ ಹೊಲದಾಗ ಪುಂಡಿಪಲ್ಯ ಅದ, ಬಳ್ಳಿಗಿ ಹಾಗಲಕಾಯಿ ಜೋತಾಡಾಕತ್ಯಾವ. ನಾಳಿ ಮುಂಜಾನಿ ಬಸ್ಸಿಗಿ ಬುತ್ತಿ ಇಟ್ಟು ಕಳಸ್ತೇನಿ, ಹೋಗಿ ಇಸ್ಕೋ” ಎಂದಳು. ನಾನು ಚೀಲದ ಗುರುತು ಕೇಳಿದೆ. “ಗೌಡ್ರ ಮಗನ ಲಗ್ನದಾಗ ಕೊಟ್ಟ ಹಳದಿ ಚೀಲ. ಹಿಡಕಿಗಿ ಕೆಂಪು ದಾರ ಕಟ್ಟಿರ್ತೇನಿ.”

ಬಸ್ಸಿನಲ್ಲಿ ಬುತ್ತಿ ಬರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅದನ್ನು ಕಣ್ಣು ತೆರೆದು ನೋಡಿದ್ದು ಮರುದಿನವೇ. ಎಂಥಾ ದೃಶ್ಯ ಅದು! ಆಳಂದ, ಅಫಜಲಪುರ, ಜೇವರ್ಗಿ ಕಡೆಯಿಂದ ಒಂದೊಂದಾಗಿ ಬಸ್ಸು ಬರುತ್ತವೆ. ಡ್ರೈವರನ ಪಕ್ಕದಲ್ಲಿ, ಸೀಟಿನ ಕೆಳಗೆ, ಎಲ್ಲೆಲ್ಲೂ ಬುತ್ತಿ. ಹಾಸ್ಟೆಲಿನ ಹುಡುಗಿಯರಿಗೆ, ಕೋರ್ಟಿನ ಗುಮಾಸ್ತರಿಗೆ, ದವಾಖಾನೆಯಲ್ಲಿ ಮಲಗಿದವರಿಗೆ ಅವರವರ ಮನೆಯ ರೊಟ್ಟಿ ಇನ್ನೂ ಬೆಚ್ಚಗಿರುವಾಗಲೇ ಬಂದಿಳಿಯುತ್ತದೆ. ಚೀಟಿಯಿಲ್ಲ, ರಸೀದಿಯಿಲ್ಲ. ನಾನು ಎರಡು ವಾರ ಗಾಜಿನ ಬಾಗಿಲುಗಳನ್ನು ತಳ್ಳುತ್ತಿದ್ದಾಗ ಇಡೀ ಸೀಮೆಯ ತಾಜಾ ಅಡುಗೆ ಪ್ರತಿದಿನ ನನ್ನ ಕಚೇರಿಯ ಮುಂದಿನಿಂದಲೇ ಹಾರ್ನ್ ಹೊಡೆಯುತ್ತಾ ಹೋಗುತ್ತಿತ್ತು. ನಾನು ಬಾಯಿ ತೆರೆದುಕೊಂಡು ನಿಂತುಬಿಟ್ಟೆ.

ಮಾದನಹಿಪ್ಪರಗಾ ಬಸ್ಸು ಬಂತು. ಕಂಡಕ್ಟರ್ ಮೈಬೂಬಣ್ಣ ಬುತ್ತಿಗಳನ್ನು ಕೆಳಗಿಳಿಸಿದ. ನೋಡುತ್ತೇನೆ, ಎಲ್ಲವೂ ಹಳದಿ! ಗೌಡರು ಮಗನ ಮದುವೆಯಲ್ಲಿ ಊರಿಗೆ ಊರನ್ನೇ ಉಣ್ಣಿಸಿ, ಮನೆಗೊಂದರಂತೆ ಚೀಲ ಹಂಚಿದ್ದರು. ಒಂದೊಂದರ ಮೇಲೂ ಅದೇ ಮದುಮಕ್ಕಳು ಅದೇ ನಗೆ ನಗುತ್ತಿದ್ದರು. ಕೆಂಪು ದಾರ ಕಟ್ಟಿದ್ದು ಮೊದಲು ಕಣ್ಣಿಗೆ ಬಿತ್ತು, ಎತ್ತಿಕೊಂಡೆ. “ಸರಿಯಾಗಿ ನೋಡ್ಕೊಳ್ರಿ ಸಾಹೇಬ್ರ” ಎಂದು ಮೈಬೂಬಣ್ಣ ಹೇಳಿದ. ನೋಡುವುದೇನು, ಹೆಡ್ ಕ್ಲರ್ಕಿಗೆ ದಾರ ಗುರುತಿಸಲು ಬರುವುದಿಲ್ಲವೇ?

ಮಧ್ಯಾಹ್ನ ಕಚೇರಿಯಲ್ಲಿ ಡಬ್ಬಿ ತೆರೆದೆ. ಹಾಗಲಕಾಯಿಗೆ ಮನಸ್ಸನ್ನು ಗಟ್ಟಿ ಮಾಡಿಕೊಂಡಿದ್ದೆ. ಒಳಗಿದ್ದದ್ದು ತುಪ್ಪ ಸವರಿದ ಮೆತ್ತನೆಯ ಬಿಳಿಜೋಳದ ರೊಟ್ಟಿ, ಹೆಸರುಬೇಳೆ ಹಾಕಿ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಸಬ್ಬಸಗಿ ಪಲ್ಯ. ಪಕ್ಕದ ಡಬ್ಬಿಯಲ್ಲಿ ಅಂಟಿನ ಉಂಡಿ! ಒಂದನ್ನು ಬಾಯಿಗಿಟ್ಟೆ. ಹುರಿದ ಕೊಬ್ಬರಿಯ ಘಮ ಮೊದಲು ಬಂತು. ಆಮೇಲೆ ಕರಿದ ಅಂಟು ಹಲ್ಲಿನಡಿ ಕುರುಕುರು ಎಂದಿತು. ಉತ್ತತ್ತಿ, ಬೆಲ್ಲ, ತುಪ್ಪ ಎಲ್ಲ ಕರಗಿಹೋದ ಮೇಲೆ ಗಂಟಲಲ್ಲಿ ಒಣಶುಂಠಿ ಮೆಲ್ಲಗೆ ಬೆಚ್ಚಗಾಯಿತು. ಸುಳ್ಳು ಹೇಳುವುದಿಲ್ಲ, ನನ್ನ ಕಣ್ಣು ತುಂಬಿ ಬಂದವು. ಇಂಥದ್ದನ್ನು ಮನುಷ್ಯರ ಕೈ ಮಾಡಬಲ್ಲದೇ ಎನಿಸಿತು. ಬೆಲ್ಲವಿದೆಯಲ್ಲ ಎಂದು ಬುದ್ಧಿ ಒಮ್ಮೆ ಕೆಮ್ಮಿತು. ಅದಕ್ಕೆ ನಾನು ಸಮಾಧಾನ ಹೇಳಿದೆ: ಇದು ಹಳ್ಳಿಯದು, ನಮ್ಮ ಭಾಗದ್ದು, ಅಕ್ಕ ಯೋಚಿಸದೆ ಮಾಡುವವಳಲ್ಲ, ಸ್ಥಳೀಯ ಬೆಲ್ಲವನ್ನು ಸ್ಥಳೀಯ ರಕ್ತ ಗುರುತು ಹಿಡಿದು ಸುಮ್ಮನೆ ಬಿಡುತ್ತದೆ. ಹೀಗೆ ಸಮಾಧಾನ ಹೇಳುತ್ತಾ ಹೇಳುತ್ತಾ ಡಬ್ಬಿಯ ತಳ ಕಂಡಿತು.

ಚಹಾದ ಹೊತ್ತಿಗೆ ಅಕ್ಕನ ಫೋನು ಬಂತು. ದನಿ ಎಂದಿನಂತಿರಲಿಲ್ಲ.

“ತಮ್ಮಾ, ಹಾಗಲಕಾಯಿ ಪಲ್ಯ ಉಂಡ್ಯಾ?”

“ಹಾಗಲಕಾಯಿ ಎಲ್ಲಿತ್ತಕ್ಕಾ? ಉಂಡಿ ಇದ್ದವು. ಆಹಾ, ಏನ್ ಉಂಡಿ!”

“ಅಯ್ಯೋ ನಿನ್ನ ಬಾಯಿಗಿಷ್ಟು ಮಣ್ಣ ಹಾಕ! ಬಾಣಂತಿ ಬುತ್ತಿ ತಿಂದು ಕುಂತಿಯೇನಲೇ!”

ವಿಷಯ ಹೀಗಿತ್ತು. ಅಕ್ಕನ ಪಕ್ಕದ ಮನೆಯಲ್ಲಿ ಊರೆಲ್ಲ ನಾನಿ ಎಂದು ಕರೆಯುವ ಮುದುಕಿ ಇದ್ದಾಳೆ. ಅವಳ ಮೊಮ್ಮಗಳು ಶಾಹೀನಾ ಕಲಬುರಗಿಯ ದವಾಖಾನೆಯಲ್ಲಿ ಹಡೆದಿದ್ದಳು. ಜೊತೆಗೆ ಅವಳ ತಾಯಿ, ಎಂದರೆ ನಾನಿಯ ಮಗಳು, ಜೈನಬಿ ಇದ್ದಳು. ಬಾಣಂತಿಗೆ ನಾನಿಯೇ ಬುತ್ತಿ ಕಟ್ಟಿ ಕಳಿಸಿದ್ದಳು. ಅದೇ ಹಳದಿ ಚೀಲ, ಮೇಲೆ ಅವಳದೂ ಒಂದು ಕೆಂಪು ದಾರ. ನನ್ನ ಬುತ್ತಿ ಬಾಣಂತಿಗೆ ಹೋಗಿತ್ತು. ಜೈನಬಿ ಡಬ್ಬಿ ತೆರೆದು ನೋಡಿದರೆ ಹುಳಿ ಪುಂಡಿಪಲ್ಯ, ಉಪ್ಪಿಲ್ಲದ ಕಹಿ ಹಾಗಲಕಾಯಿ! ಹಸಿ ಬಾಣಂತಿಗೆ ಹುಳಿ, ಕಹಿ! ಅವಳು ಬುತ್ತಿ ಬದಲಾಗಿದೆ ಎಂದುಕೊಳ್ಳಲಿಲ್ಲ, ಅಮ್ಮನ ತಲೆ ಕೆಟ್ಟಿದೆ ಎಂದುಕೊಂಡಳು. ಅಮ್ಮನಿಗೆ ಈಚೆಗೆ ಮರೆವು ಬೇರೆ ಇತ್ತಂತೆ. ಕೂಡಲೇ ಊರಲ್ಲಿದ್ದ ಅಣ್ಣನಿಗೆ ಫೋನು ಮಾಡಿ, ಅಮ್ಮನನ್ನು ಇನ್ನು ಒಲೆಯ ಮುಂದೆ ಕೂಡಿಸಬೇಡ, ಬೆಂಕಿ ಹಚ್ಚಿಕೊಂಡಾಳು ಎಂದು ಅತ್ತಿದ್ದಳು.

“ಮಗ ಒಲಿ ಮ್ಯಾಲಿನ ಗಡಿಗಿ ಇಳಿಸ್ಯಾನ. ನಾನಿ ಮುಂಜಾನಿಂದ ಒಂದ್ ತುತ್ತು ಉಂಡಿಲ್ಲ” ಎಂದಳು ಗೌರಕ್ಕ. “ನಾ ಉಂಡೀನೇ ಇಟ್ಟಿದ್ದೆ ಅಂತ ಹೇಳ್ತಾಳ, ಯಾರೂ ನಂಬವಲ್ರು. ಈಗ ಆಕೀಗೇ ಸಂಶಯ ಬಂದದ, ‘ಗೌರವ್ವಾ, ನಾ ಖರೇನೇ ಇಟ್ಟಿದ್ನೇನ’ ಅಂತ ನನ್ನ ಕೇಳಾಕತ್ಯಾಳ. ನಿನ್ನ ಹೊಟ್ಟ್ಯಾಗ ಸಾಕ್ಷಿ ಅದ. ಹೋಗಿ ಹೇಳಲೇ!”

ಮನೆಗೆ ಓಡಿದೆ. ಮಹಾದೇವಿಗೆ ಹೇಳದೆ ಗತಿಯಿರಲಿಲ್ಲ. ಹೆರಿಗೆ ವಾರ್ಡಿನ ಹತ್ತಿರ ನನ್ನಂಥವನನ್ನು ಯಾರು ಸುಳಿಯಗೊಡುತ್ತಾರೆ? ಅವಳು ಎಲ್ಲವನ್ನೂ ಕೇಳಿ, “ಎಷ್ಟು ಉಂಡಿ ತಿಂದ್ರಿ?” ಎಂದಳು. ಎಲ್ಲ ಎಂದೆ. ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿದಳು. “ನಿಮ್ಮ ಪಂಚಾಯ್ತಿ ಆಮ್ಯಾಲ. ಮೊದಲು ಆ ಕೂಸಿನ ತಾಯಿಗಿ ಊಟ ಆಗಬೇಕು. ನಡೀರಿ, ಸಬ್ಬಸಗಿ ತರೋಣು.”

ಕಾಯಿಪಲ್ಯದ ಬಜಾರಿನಲ್ಲಿ ಅಷ್ಟು ಹೊತ್ತಿಗೆ ಸೊಪ್ಪೆಲ್ಲ ಬಾಡಿತ್ತು. ಅಫಜಲಪುರ ಕಡೆಯ ಹೆಣ್ಣುಮಗಳೊಬ್ಬಳು ಗಂಟು ಕಟ್ಟಿ ಹೊರಟು ನಿಂತಿದ್ದಳು. ಮಹಾದೇವಿ, “ಬಾಣಂತಿಗಿ ಬೇಕಾಗಿತ್ತವಾ” ಎಂದಳು, ಅಷ್ಟೇ. ಆಕೆ ಕಟ್ಟಿದ ಗಂಟು ಬಿಚ್ಚಿ, ಒದ್ದೆ ಗೋಣಿಯ ಅಡಿಯಿಂದ ಹಸಿರು ಮಿಂಚುವ ಎರಡು ಸಿವುಡು ತೆಗೆದುಕೊಟ್ಟು, “ಮನಿಗಿ ಅಂತ ಇಟ್ಕೊಂಡಿದ್ನವಾ, ಒಯ್ಯಿ” ಎಂದಳು. ನಾನು ಎರಡು ವಾರ ಕೇಳಿದರೂ ಈ ನಗರದಲ್ಲಿ ಸಿಗದದ್ದು ಇವಳ ಒಂದು ಮಾತಿಗೆ ಸಿಕ್ಕಿತ್ತು. ಒಂದು ತಾಸಿನಲ್ಲಿ ಬಿಸಿ ಅನ್ನ, ತುಪ್ಪ, ಸಬ್ಬಸಗಿ ಪಲ್ಯದ ಡಬ್ಬಿ ಹಿಡಿದು ದವಾಖಾನೆ ಮುಟ್ಟಿದೆವು.

ಜೈನಬಿ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ ಕೂತಿದ್ದಳು. ಮಹಾದೇವಿ ಡಬ್ಬಿ ಒಳಗೆ ಕೊಟ್ಟುಬಂದಳು. ನಾನು ತಲೆ ತಗ್ಗಿಸಿ ನಡೆದದ್ದನ್ನೆಲ್ಲ ಹೇಳಿದೆ. ಜೈನಬಿಗೆ ನಂಬಿಕೆ ಬರಲಿಲ್ಲ. “ಗೌರಕ್ಕಾರು ಅಮ್ಮಾನ ಮ್ಯಾಲಿನ ಪ್ರೀತಿಗಿ ನಿಮಗ ಹಿಂಗ ಹೇಳ್ರಿ ಅಂದಾರೇನ್ರಿ ಅಣ್ಣಾರ?” ಎಂದಳು. ನಾನೇನು ಮಾಡಲಿ? ಉಂಡಿಯ ರುಚಿಯನ್ನೇ ಹೇಳತೊಡಗಿದೆ. ಕೊಬ್ಬರಿಯ ಘಮ ಹೇಳಿದೆ, ಅಂಟಿನ ಕುರುಕು ಹೇಳಿದೆ. ಎಲ್ಲ ಕರಗಿದ ಮೇಲೆ ಗಂಟಲಲ್ಲಿ ಬೆಚ್ಚಗಾಗುವ ಶುಂಠಿಯ ವಿಷಯಕ್ಕೆ ಬಂದಾಗ ಅವಳು ಬಾಯಿಗೆ ಕೈ ಇಟ್ಟುಕೊಂಡಳು. “ತೋಬಾ ತೋಬಾ! ಅದು ನಮ್ಮ ಅಮ್ಮಾಂದೇ ಕೈ! ಶುಂಠಿ ತುಪ್ಪದಾಗ ಹುರದು ಹಾಕೂದು ಆಕಿ ಒಬ್ಬಾಕೀನೇ” ಎಂದು, ಅತ್ತ ಕಣ್ಣಲ್ಲೇ ನಕ್ಕು, ಊರಿಗೆ ಫೋನು ಹಚ್ಚಿದಳು.

ನಾನಿಯ ಮುಂದೆ ನಾನು ಮತ್ತೊಮ್ಮೆ ಎಲ್ಲವನ್ನೂ ಒಪ್ಪಿಸಬೇಕಾಯಿತು. ಬೈಗುಳಕ್ಕೆ ಸಿದ್ಧನಾಗಿ ನಿಂತೆ. ಆ ಕಡೆಯಿಂದ ನಡುಗುವ ದನಿಯೊಂದು, “ಬೇಟಾ, ಬೆಲ್ಲ ಪಾಕ ಕರೆಕ್ಟ್ ಇತ್ತೇನು?” ಎಂದು ಕೇಳಿತು.

“ಇತ್ರಿ ನಾನಿ. ನನ್ನ ಜನ್ಮದಾಗ ಅಂಥಾದ್ದು ತಿಂದಿಲ್ರಿ.”

“ಜೈನೂ, ಕೇಳಿದೇನು?” ಎಂದಳು ನಾನಿ. ಅಷ್ಟೇ ಹೇಳಿದಳು. ಹಿಂದೆಯೇ ಪಾತ್ರೆಯ ಸದ್ದಾಯಿತು. ಮಗನಿಗೆ ಗಡಿಗೆ ಮತ್ತೆ ಒಲೆಗೇರಿಸಲು ಹೇಳುವುದು ಕೇಳಿಸಿತು. ಇಡೀ ದಿನ ಉಪವಾಸ ಕೂತ ಮುದುಕಿ ಎದ್ದ ಮೇಲೆ ಮೊದಲು ಕೇಳಿದ್ದು ತನ್ನ ಊಟವನ್ನಲ್ಲ, ನಾಳೆಯ ಬುತ್ತಿಗೆ ಹಿಟ್ಟು ಇದೆಯೇ ಎಂದು. ನಾನು ದವಾಖಾನೆಯ ಬೆಂಚಿನ ಪಕ್ಕದಲ್ಲಿ, ಕಾಣದ ಆ ಕೈಗೆ ಕೈ ಮುಗಿದೆ.

“ಬೇಟಾ, ನಾಳಿ ನಿನಗೂ ಒಂದು ಕಳಸ್ತೇನಿ” ಎಂದಳು. ಮಹಾದೇವಿ ಫೋನಿಗೆ ಬಾಯಿ ಹತ್ತಿರ ತಂದು, “ಬ್ಯಾಡ್ರಿ ನಾನಿ, ಇವರಿಗಿ ಶುಗರ್ ಅದರಿ” ಎಂದಳು.

“ಶುಗರ್ ಇದ್ದವ ಅಷ್ಟು ಉಂಡಿ ಹೆಂಗ ತಿಂದನವಾ?”

“ಇರ್ಲಿ, ಬೆಲ್ಲ ಬಿಟ್ಟು ಉಳಿದಿದ್ದೆಲ್ಲಾ ಕಳಸ್ತೇನಿ” ಎಂದು ನಾನಿ ತೀರ್ಪು ಕೊಟ್ಟಳು.

ಮರುದಿನ ಮುಂಜಾನೆ ಬಸ್‌ಸ್ಟ್ಯಾಂಡಿನಲ್ಲಿ ಹೊತ್ತಿಗೆ ಮುಂಚೆಯೇ ನಿಂತಿದ್ದೆ. ಮಾದನಹಿಪ್ಪರಗಾ ಬಸ್ಸು ಬಂತು. ಮೈಬೂಬಣ್ಣ ಕೆಳಗಿಳಿದು ಒಂದು ಹಳದಿ ಚೀಲವನ್ನು ಶಾಹೀನಾಳ ಗಂಡನ ಕೈಗೆ ಕೊಟ್ಟ. ಇನ್ನೊಂದನ್ನು ಎದೆಗವಚಿಕೊಂಡು, ಹಾಸ್ಟೆಲಿನ ಹುಡುಗಿಯರು, ವಕೀಲರು, ಚಹಾದವರೆಲ್ಲ ತಿರುಗಿ ನೋಡುವಂತೆ ಕೂಗಿದ: “ಈ ಸಲ ಮುಖಾ ನೋಡಿ ಕೊಡು ಅಂದಾಳ್ರಿ ನಾನಿ! ಗಂಡಸ ಬಾಣಂತಿ ಯಾರ್ರೀ ಇಲ್ಲಿ?”

ಗುಂಪಿನಲ್ಲಿ ನನ್ನ ಕಚೇರಿಯ ಇಬ್ಬರು ಇದ್ದರು. ಅವರಿಬ್ಬರೂ ನನ್ನನ್ನೇ ನೋಡುತ್ತಿದ್ದರು. ಚೀಲದಿಂದ ಹುರಿದ ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು.

ನಾನು ಕೈ ಎತ್ತಿದೆ.